ಪಾಗೋದವರ ಶನಿವಾರ

ಎತ್ತಲ್ಲ ಅಂದ್ರೆ ಎತ್ತಲ್ಲ ಕಣೋ ಪೆನಿ! ಬಿಸಿಲು ನೆತ್ತಿಗೆ ಬರಲಿ, ಬೆನ್ನು ಬೇಯಲಿ, ಮಂಡಿ ಹಿಡ್ಕೊಳ್ಳಲಿ, ನಾನಂತೂ ಆ ಚಾಪೆಗೆ ಕೈ ಹಾಕಲ್ಲ. ಏನಂದ್ಕೊಂಡಿದೀಯ? ಕೋಳಿ ಕೂಗೋ ಹೊತ್ತಿಗೆ ಬಂದು ನಮ್ಮನೆ ಮುಂದೆ ಕಾಲು ಮಡಚ್ಕೊಂಡು, ತಲೆ ಮೇಲೆ ಮನೆತನದ ನವಿರು ಚಾಪೆ ಎಳ್ಕೊಂಡು ಕೂತುಬಿಟ್ರೆ, ನಾವು ಓಡಿಬಂದು ಚಾಪೆ ಎತ್ತಿ, "ಏಳಪ್ಪ ಏಳು, ಕ್ಷಮಿಸಿದೀವಿ, ಬಾ ಕೋಕೋ ಕುಡಿ" ಅಂದುಬಿಡ್ತೀವಿ ಅಂತಾನಾ? ಕೊಲೆ ಮಾಡಿದೋರು ಕೂತ ಹಾಗೆ ಕೂತಿದೀಯ! ಒಂದು ವೆಬ್‌ಸೈಟ್ ಮಾಡಿದ್ದಕ್ಕೆ ಚಾಪೆ ಹೊದ್ದು ಕೂತೋನನ್ನ ಈ ದ್ವೀಪದಲ್ಲಿ ಯಾರೂ ಕಂಡಿಲ್ಲ ಕಣೋ. ನೀನೇ ಮೊದಲನೆಯೋನು. ಅದನ್ನೂ ನಿನ್ನ ವೆಬ್‌ಸೈಟಲ್ಲಿ ಹಾಕ್ಕೋ, ದೊಡ್ಡಕ್ಷರದಲ್ಲಿ!

ಏನದು... ನಗ್ತಿದೀಯಾ? ಚಾಪೆ ಅಲ್ಲಾಡ್ತು. ನಾನು ನೋಡಿದೆ, ಅಲ್ಲಾಡ್ತು.

ಓ, ಕೆಮ್ಮು. ಕೆಮ್ಮು, ಕೆಮ್ಮು. ನಿಮ್ಮಮ್ಮ ಆ ಚಾಪೆನ ಪೆಟ್ಟಿಗೆಯಿಂದ ಆಚೆ ತೆಗೆದು ಯಾವ ಕಾಲ ಆಯ್ತೋ ಏನೋ, ಧೂಳಿರುತ್ತೆ. ಬೇಡ, ಬಾಯಿ ತೆಗೀಬೇಡ! ಚಾಪೆಯೊಳಗೆ ಕೂತೋರು ಮಾತಾಡೋ ಹಾಗಿಲ್ಲ, ಅಷ್ಟೂ ಗೊತ್ತಿಲ್ವಾ? ಕಡಲಾಚೆ ದ್ವೀಪದ ಈ ಪಾಗೋದವರಿಗೆ ಅದನ್ನೂ ನಾವೇ ಹೇಳ್ಕೊಡಬೇಕು. ಮಾತಾಡೋರು ಮನೆಯೋರು. ಕೇಳೋನು ನೀನು.

ಅಣ್ಣಾ, ಕೇಳಿಸ್ತಾ ಇದೆಯಾ? ಹೊರಗೆ ಬರಬೇಡ, ಅಲ್ಲೇ ಮಲಗಿರು. ಈ ಎಡವಟ್ಟನಿಗೆ ನಾನೇ ಸರಿಯಾಗಿ ಬುದ್ಧಿ ಹೇಳ್ತೀನಿ.

ನೋಡಿದ್ಯಾ? ತಟ್ಟಿ ಇಳಿಬಿಟ್ಕೊಂಡು ಗೋಡೆಯಿಲ್ಲದ ಮನೇಲಿ ನನಗೆ ಬೆನ್ನು ಹಾಕಿ ಮಲಗಿದಾನೆ ನಮ್ಮಣ್ಣ. ಭಾನುವಾರ ಸಂಜೆಯಿಂದ ಹೀಗೇ. ಕೆಸುವಿನ ಗೆಡ್ಡೆ ಬೇಯಿಸಿ ಇಟ್ರೆ ಮುಟ್ಟಲ್ಲ, ತೆಂಗಿನ ಹಾಲಲ್ಲಿ ಸೊಪ್ಪು ಮಾಡಿ ಇಟ್ರೆ ನಾಯಿಗೆ ಹಾಕು ಅಂತಾನೆ. ಊರಿಗೆ ದಂಡ ಅಂತ ಹಂದಿ ಕೊಟ್ಟಿದ್ದಕ್ಕಲ್ಲ ಕಣೋ. ಮೀನಿನ ಡಬ್ಬಿ ಪೆಟ್ಟಿಗೆಗಟ್ಟಲೆ ದಂಡ ತೆತ್ತಿದ್ದಕ್ಕೂ ಅಲ್ಲ. ಆ ಕಂಬಕ್ಕೆ! ಸಭಾಮನೇಲಿ ನಮ್ಮನೆತನದ ಕಂಬ. ನಮ್ಮಜ್ಜ ಒರಗಿದ ಕಂಬ, ನಮ್ಮಪ್ಪ ಒರಗಿದ ಕಂಬ. ಊರಿನ ಯಜಮಾನರೆಲ್ಲ ಸೇರಿ ನಮ್ಮಣ್ಣಂಗೆ ಹೇಳಿದ್ರು: "ಮಾಲಾಕಿ, ಈ ಕಳಂಕ ತೊಳೆದು ಹೋಗೋ ತನಕ ನಿನ್ನ ಕಂಬಕ್ಕೆ ಬೆನ್ನು ಕೊಡಬೇಡ." ಎಲ್ಲರ ಮುಂದೆ! ಅವನು ಎದ್ದು ಬಂದ. ಮೊಣಕಾಲು ನೋವಿದ್ರೂ ಸಭೆಯಿಂದ ತಲೆ ಎತ್ತಿ ಬರ್ತಿದ್ದೋನು, ತಲೆ ತಗ್ಗಿಸಿ ಬಂದ.

ನಿನ್ನಿಂದ! ನಿನ್ನ ಆ ಹಾಳು ಕಂಪ್ಯೂಟರ್ ಪೆಟ್ಟಿಗೆಯಿಂದ!

ನಾನು ಮೊದಲನೇ ದಿನಾನೇ ಅಂದಿದ್ದೆ, ನಮಗೆ ವೆಬ್‌ಸೈಟೂ ಬೇಡ ಗಿಬ್‌ಸೈಟೂ ಬೇಡ ಅಂತ. ಬಸ್ಸು ದಂಡೆ ಮೇಲಿನ ನಮ್ಮ ಬಾಡಿಗೆ ಗುಡಿಸಲ ಮುಂದೇನೇ ನಿಲ್ಲುತ್ತೆ. ಇಳಿದೋರು ಕಡಲು ನೋಡ್ತಾರೆ, ಗುಡಿಸಲು ನೋಡ್ತಾರೆ, ಇರಬೇಕನ್ನಿಸಿದ್ರೆ ಇರ್ತಾರೆ. ಆದ್ರೆ ಪಕ್ಕದ ದಂಡೇಲಿ ಆ ಸೆಫಿನಾ ಇದಾಳಲ್ಲ, ನೀಲಿ ಬಣ್ಣ ಬಳಿದ ಗುಡಿಸಲಿನೋಳು, ಅವಳ ಹತ್ತಿರ ಇದೆ! ಅವಳ ವೆಬ್‌ಸೈಟಲ್ಲಿ ನಕ್ಷತ್ರ ಬೇರೆ ಕೊಡ್ತಾರಂತೆ ಜನ! ಚರ್ಚಿನಲ್ಲಿ ನನ್ನ ಪಕ್ಕ ಕೂತು ಫೋನ್ ತೋರಿಸ್ತಾಳೆ, "ನೋಡು ಫುವಾಟಿನೋ, ಇನ್ನೊಂದು ನಕ್ಷತ್ರ." ಅವಳ ಗುಡಿಸಲಲ್ಲಿ ಸೊಳ್ಳೆಪರದೆ ಹರಿದಿರುತ್ತೆ, ಅದಕ್ಕೆ ಮಲಗಿದೋರಿಗೆ ಆಕಾಶದ ನಕ್ಷತ್ರ ಕಾಣ್ಸುತ್ತೆ, ಅಷ್ಟೇ! ಅದನ್ನೇ ಎಣಿಸಿ ಬರೆದಿರ್ತಾರೆ.

ಈಗ ನಕ್ಕೆ. ಈಗ ಖಂಡಿತಾ ನಕ್ಕೆ. ನಗು, ನಗು.

ಬಂದೆಯಪ್ಪ ನೀನು ಪಾಗೋದಿಂದ, ಚೀಲದಲ್ಲಿ ಕಂಪ್ಯೂಟರ್ ಇಟ್ಕೊಂಡು, ಮದುಮಗ ಬಂದ ಹಾಗೆ. ಕೂತ್ಕೊಂಡು ಕೇಳಿದ ಮೊದಲನೇ ಮಾತು ನೆನಪಿದೆಯಾ? "ಅಮ್ಮಾ, ನಿಮ್ಮ ಗಿರಾಕಿ ಯಾರು?" ಯಾರು ಅಂದ್ರೆ? ಕಾಲಿದ್ದೋನು, ಮಲಗೋಕೆ ಜಾಗ ಬೇಕಾದೋನು! "ಹಾಗಲ್ಲ ಅಮ್ಮಾ, ಅವರ ವಯಸ್ಸೆಷ್ಟು, ಅವರಿಗೆ ಏನಿಷ್ಟ, ಅವರು ರಾತ್ರಿ ಫೋನಲ್ಲಿ ಏನು ಹುಡುಕ್ತಾರೆ?" ಅವರು ರಾತ್ರಿ ಏನು ಹುಡುಕ್ತಾರೆ ಅಂತ ನಾನ್ಯಾಕೆ ತಿಳ್ಕೋಬೇಕೋ, ನಾನೇನು ಅವರ ಹೆಂಡ್ತೀನಾ? ಆಮೇಲೆ ಕಾಗದ ತಗೊಂಡೆ, ಚೌಕ ಚೌಕ ಗೀಟು ಹಾಕಿದೆ. ಇದು ಮುಖಪುಟ. ಇದು ಗುಡಿಸಲುಗಳ ಪುಟ. ಇದು ಊಟದ ಪುಟ. ಇದು 'ನಮ್ಮ ಬಗ್ಗೆ'. ಮನೆ ಕಟ್ಟೋರೂ ಇಷ್ಟು ಗೀಟು ಹಾಕಲ್ಲ. ನಮ್ಮ ಬಗ್ಗೆ ಏನು ಬರೀತೀಯೋ, ನಮ್ಮ ಬಗ್ಗೆ ಊರಿಗೆಲ್ಲ ಗೊತ್ತು! ಅಂದ್ರೆ, "ನಿಮ್ಮ ಕತೆ ಬೇಕು ಅಮ್ಮಾ, ಜನ ಕತೆ ನೋಡಿ ಬರ್ತಾರೆ." ಕತೆ ನೋಡಿ ಬರೋಕೆ ಇದೇನು ನಾಟಕದ ಟೆಂಟಾ?

ಆಮೇಲೆ ಆ ಚಿತ್ರ! ಮುಖಪುಟ ತೆಗೆದ್ರೆ ನೀರಿನ ಮೇಲೆ ತೇಲೋ ಮನೆ, ಕಿವಿಗೆ ಹೂ ಸಿಕ್ಕಿಸ್ಕೊಂಡು ಹಲ್ಲು ಕಿರಿಯೋ ಹುಡುಗಿ. ಯಾರೋ ಇವಳು ಅಂದೆ. "ಸುಮ್ನೆ ಮಾದರಿಗೆ ಹಾಕಿದೀನಿ ಅಮ್ಮಾ, ಆಮೇಲೆ ತೆಗೀತೀನಿ." ಅವಳು ನಮ್ಮವಳೂ ಅಲ್ಲ, ಫಿಜಿಯವಳೂ ಅಲ್ಲ, ಯಾವ ಕಡಲ ಹೆಣ್ಣೋ. ಕೆಳಗೆ ಬರೆದಿದ್ದೆ, 'ಅಡಗಿರುವ ಸ್ವರ್ಗ' ಅಂತ. ಎಲ್ಲಿ ಅಡಗಿದೆಯೋ? ಬಸ್ಸು ಮುಂದೆ ನಿಲ್ಲುತ್ತೆ ಅಂತ ಬಡ್ಕೋತಿದೀನಿ! ಮೂಲೇಲಿ ಒಂದು ಪುಟ್ಟ ಪೆಟ್ಟಿಗೆ ಬೇರೆ, ಮುಟ್ಟಿದಾಗೆಲ್ಲ "ಹಲೋ, ನಾನು ಹೇಗೆ ಸಹಾಯ ಮಾಡಲಿ?" ಅನ್ನೋದು. ಒಂದಿನ ರೇಗಿ, "ದಂಡೆ ಕಸ ಗುಡಿಸು" ಅಂತ ಬರೆದೆ. "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಅಂತು. ಅದಕ್ಕೂ ಅರ್ಥ ಆಗಲ್ಲ, ಮಾಡಿದೋನಿಗೂ ಅರ್ಥ ಆಗಲ್ಲ.

ಹೂಂ, ಒಂದು ಮಾತು ಒಪ್ಕೋತೀನಿ. ದಿನ ತೋರಿಸೋ ಪುಟ ಚೆನ್ನಾಗಿ ಮಾಡಿದ್ದೆ. ತಿಂಗಳಿಗೊಂದು ಹಲಗೆ, ದಿನಕ್ಕೊಂದು ಮನೆ. ಬಿಳಿ ಮನೆ ಅಂದ್ರೆ ಗುಡಿಸಲು ಖಾಲಿ, ಬರಬಹುದು. ಭಾನುವಾರ ಮಾತ್ರ ಬೂದು ಬಣ್ಣ. ಒತ್ತಿದ್ರೂ ಕದಲ್ತಿರಲಿಲ್ಲ. ನಾನೇ ಒತ್ತಿ ಒತ್ತಿ ನೋಡಿದ್ದೆ. ಭಾನುವಾರ ನಮ್ಮೂರಿಗೆ ಯಾರೂ ಬಂದಿಳಿಯೋ ಹಾಗಿಲ್ಲ, ಕಡಲಿಗೆ ಇಳಿಯೋ ಹಾಗಿಲ್ಲ, ಕುಣಿತದ ಹಾಡು ಹಾಕೋ ಹಾಗಿಲ್ಲ. ಅದಕ್ಕೆ ಬೂದು. ಎಷ್ಟು ಸರಿಯಾಗಿತ್ತು ಮೊದಲು!

ಆಮೇಲೆ ಏನಾಯ್ತೋ ನಿನಗೆ? ಅಣ್ಣಾ, ಕೇಳು, ಇದನ್ನ ಕೇಳು! ಸುಮ್ಮನಿರಲಾರದೆ ಕೈಯಾಡಿಸಿ, ನಮ್ಮ ದಿನ ತೆಗೆದು ತನ್ನೂರ ದಿನ ಹಾಕಿಬಿಟ್ಟ! ಪಾಗೋದ ದಿನ! ನಿನ್ನೆಯಲ್ಲೇ ಬದುಕೋ ಜನ ಇವರು. ಅರ್ಧ ಗಂಟೆ ವಿಮಾನ, ಆದ್ರೆ ಇವರು ಅಲ್ಲಿ ಸೋಮವಾರ ಹತ್ತಿದ್ರೆ ಇಲ್ಲಿ ಮಂಗಳವಾರ ಇಳೀತಾರೆ. ನಮ್ಮ ಸರ್ಕಾರ ಹಿಂದೊಮ್ಮೆ ಒಂದಿಡೀ ಶುಕ್ರವಾರಾನೇ ನುಂಗಿಹಾಕಿ ನಮ್ಮನ್ನ ದಿನ ಬದಲಾಗೋ ಗೀಟಿನಾಚೆ, ನಾಳೆ ಕಡೆಗೆ ದಾಟಿಸ್ತು. ಇವರು ಅಲ್ಲೇ ಉಳ್ಕೊಂಡ್ರು. ಒಂದೇ ಭಾಷೆ, ಒಂದೇ ದೇವರು, ಒಂದೇ ಗೆಡ್ಡೆ ತಿನ್ನೋದು, ಗಡಿಯಾರದ ಮುಳ್ಳೂ ಒಂದೇ ಕಡೆ, ದಿನ ಮಾತ್ರ ಬೇರೆ! ಪಾಗೋದ ಶನಿವಾರ ಅಂದ್ರೆ ನಮ್ಮ ಭಾನುವಾರ. ಬೂದು ಮನೆ ಹೋಗಿ ನಮ್ಮ ಸೋಮವಾರದ ಮೇಲೆ ಕೂತ್ಕೊಂಡ್ತು. ನಮ್ಮ ಭಾನುವಾರ ಬೆಳ್ಳಗೆ, ಬಾ ಬಾ ಅಂತ ಬಾಗಿಲು ತೆರ್ಕೊಂಡು ನಿಂತ್ಕೊಂಡ್ತು. ಪಾಗೋದವರು ಶನಿವಾರ ಅಂತ ನೋಡಿ ಬುಕ್ ಮಾಡಿದ್ರು, ಬಂದ್ರು.

ಬಂದ್ರು! ಅಯ್ಯೋ, ಬಂದಿದ್ದೇ ಬಂದಿದ್ದು.

ನೀನು ನೋಡಿಲ್ಲವಲ್ಲ, ಕೇಳು. ಬಿಳಿ ಬಟ್ಟೆ, ಬಿಳಿ ಟೋಪಿ, ಇಡೀ ಊರು ಚರ್ಚಿನೊಳಗೆ. ನಮ್ಮಣ್ಣನ ಸರದಿ ಅವತ್ತು. ಎದ್ದು ನಿಂತು ಬೈಬಲ್ ಬಿಡಿಸಿ ಓದ್ತಿದಾನೆ. ಅವನ ದನಿ ಗೊತ್ತಲ್ಲ, ಆ ಚರ್ಚಿನ ಕೊನೇ ಬೆಂಚಿಗೂ ಕೇಳ್ಸುತ್ತೆ. ಒಂದು ವಾಕ್ಯ ಮುಗಿದಿಲ್ಲ, ಢಂ ಢಂ ಢಂ! ಎರಡು ವ್ಯಾನು. ಮೇಲೆ ಸ್ಪೀಕರ್. ಯಾರದೋ ಐವತ್ತನೇ ಹುಟ್ಟುಹಬ್ಬವಂತೆ. ಗಂಡಸರು, ಹೆಂಗಸರು, ಚಡ್ಡಿ ಹಾಕ್ಕೊಂಡು, ತೊಡೆ ಬಿಟ್ಕೊಂಡು, ಕೇಕೆ ಹಾಕ್ಕೊಂಡು ಸೀದಾ ಕಡಲಿಗೆ ಬಿದ್ರು! ಚರ್ಚಿನ ಕಿಟಕೀಲಿ ಎಲ್ಲ ಕಾಣುತ್ತೆ. ಮಕ್ಕಳು ಬೆಂಚಿನ ಮೇಲೆ ಹತ್ತಿ ನೋಡಿದ್ವು. ಪಾದ್ರಿ ಕಣ್ಣು ಮುಚ್ಕೊಂಡ. ಅಣ್ಣ ಓದ್ತಾನೇ ಇದ್ದ... ಆ ಸ್ಪೀಕರ್ ಮೇಲೆ ದನಿ ಏರಿಸಿ ಏರಿಸಿ ಓದ್ತಾನೇ ಇದ್ದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕುತ್ತಿಗೆ ತಿರುಗಿಸಿ ನೋಡಿದ್ದು ಯಾರನ್ನ? ವ್ಯಾನ್ ನಿಂತಿದ್ದು ಯಾರ ಗುಡಿಸಲ ಮುಂದೆ? ಸೆಫಿನಾ ನನ್ನ ಪಕ್ಕದಲ್ಲೇ ಬೀಸಣಿಗೆ ಬೀಸ್ಕೋತಾ ಇದ್ಲು. ಬೀಸ್ಕೋತಾ ಇದ್ಲು, ಅಷ್ಟೇ. ಅವತ್ತು ಅವಳ ಬೀಸಣಿಗೆ ಕಿತ್ತು ಮುರಿದು ಹಾಕಬೇಕು ಅನ್ನಿಸ್ತು ಕಣೋ.

ಅಣ್ಣ ಮನೆಗೆ ಬಂದು ಒಂದೇ ಕೇಳಿದ: "ಇದು ಹೇಗಾಯ್ತು ಫುವಾಟಿನೋ?" ನಾನು ಹೇಳಿದೆ. ಇದ್ದದ್ದು ಇದ್ದ ಹಾಗೆ. ಪಾಗೋದ ಪೆನಿಯಾಮಿನಾ ದಿನ ತಪ್ಪು ಹಾಕಿದ ಅಂತ. ಅವನು ನಂಬಿದ. ನಂಬದೆ ಏನು? ನಾನು ಅವನ ತಂಗಿ!

ನೀರು ಬೇಕಾ? ತಗೋ, ಚಾಪೆ ಅಡಿಯಿಂದ ಕೈ ಚಾಚು. ಬೇಡ್ವಾ? ಬೇಡದಿದ್ರೆ ಬಿಡು. ಸೊಕ್ಕು ನೋಡು, ತಲೆ ಬಗ್ಗಿಸಿ ಕೂತೋನಿಗೂ ಸೊಕ್ಕು!

ಇರು. ಹತ್ತಿರ ಬರ್ತೀನಿ. ತೆಂಗಿನ ಸಿಪ್ಪೆ ಆರಿಸೋ ಹಾಗೆ ಇಲ್ಲೇ ಕೂತ್ಕೋತೀನಿ. ಮೆಲ್ಲಗೆ ಮಾತಾಡೋಣ, ಒಳಗೆ ಕೇಳೋದು ಬೇಡ.

ಯಾಕೋ ಬಂದೆ? ಆಂ? ಯಾರು ಬಾ ಅಂದ್ರು ನಿನ್ನ? ಅಲ್ಲೇ ಇದ್ದಿದ್ರೆ ಎಲ್ಲ ಮುಗಿದೇ ಹೋಗಿರೋದು. ಪಾಗೋದಲ್ಲಿ ಒಬ್ಬ ದಡ್ಡ ಇದಾನೆ, ತಪ್ಪು ಮಾಡಿದ, ಸಿಗಲಿಲ್ಲ, ಅಷ್ಟರಲ್ಲೇ ಊರು ಮರೆತುಬಿಡೋದು. ಈಗ ನೀನು ಮನೆ ಮುಂದೆ ಕೂತುಬಿಟ್ಟೆ, ದಾರೀಲಿ ಹೋಗೋ ಬರೋರೆಲ್ಲ ನಿಂತು ನೋಡ್ತಿದಾರೆ. ಶಾಲೆ ಮಕ್ಕಳು ನೋಡಿದ್ವು. ಬ್ರೆಡ್ ಗಾಡಿಯೋನು ನೋಡ್ದ. ಸೆಫಿನಾ ಆಗಲೇ ಎರಡು ಸಲ ಈ ಕಡೆ ಬಂದು ಹೋದ್ಲು, ಏನೋ ಕೊಡೆ ಬಿಟ್ಟು ಹೋಗಿದ್ಲಂತೆ! ಮಳೆ ಎಲ್ಲಿದೆಯೋ? ನಿಮ್ಮಮ್ಮ ಕಳಿಸಿದ್ಲಾ? ವೆಬ್‌ಸೈಟ್ ಕೆಳಗೆ 'ಇದನ್ನು ಮಾಡಿದವರು' ಅಂತ ನಿನ್ನ ಹೆಸರು ಹಾಕ್ಕೊಂಡಿದೀಯಲ್ಲ, ಅದಕ್ಕಾ? ಆ ಹೆಸರು ಕಾಣಬೇಕಾದ್ರೆ ಕಣ್ಣು ಕಿರಿದು ಮಾಡಿ ನೋಡಬೇಕು. ಅದಕ್ಕೋಸ್ಕರ ಇಷ್ಟು ದೂರ ಬಂದ್ಯಾ?

ತಲೆ ಅಲ್ಲಾಡಿಸಬೇಡ. ಚಾಪೆ ಜಾರುತ್ತೆ.

ನನ್ನ ಮಾತು ಕೇಳು. ಇವತ್ತು ಮಧ್ಯಾಹ್ನ ಸಭೆ ಇದೆ. ಅಣ್ಣ ಬೈಬಲ್ ಮೇಲೆ ಕೈಯಿಟ್ಟು ಹೇಳ್ತಾನೆ, ತಪ್ಪು ನಮ್ಮನೆಯೋರದ್ದಲ್ಲ, ಪಾಗೋದೋನದ್ದು ಅಂತ. ಅಷ್ಟು ಹೇಳಿದ್ರೆ ಕಂಬ ವಾಪಸ್ ಕೊಡ್ತಾರೆ. ಅಷ್ಟೇ ಬೇಕಾಗಿರೋದು. ನೀನು ಇಲ್ಲಿಂದ ಎದ್ದು ವಿಮಾನ ಹತ್ತು. ನಿನಗೇನು ಹೋಗುತ್ತೆ? ನಿನಗೆ ಇಲ್ಲಿ ಕಂಬ ಇದೆಯಾ? ಇಲ್ಲ. ನಿಮ್ಮೂರಲ್ಲಿ ಈ ಸುದ್ದಿ ಹೋಗೋ ಹೊತ್ತಿಗೆ ಅಲ್ಲಿ ಇನ್ನೂ ನಿನ್ನೆ! ನನ್ನ ತಮ್ಮನ ಹಾಗೆ ನೀನು, ಪೆನಿ. ನಿನ್ನನ್ನ ಬೈತೀನಿ, ಹೂಂ, ಬೈತೀನಿ, ಆದ್ರೆ ನೀನು ಇಲ್ಲಿದ್ದಾಗ ನಿನಗೆ ಏಡಿ ಬೇಯಿಸಿ ಹಾಕಿದ್ದು ಯಾರು? ಗುಡಿಸಲಲ್ಲಿ ಸೆಕೆ ಅಂದಾಗ ಒಳಗೆ ಹಾಸಿಕೊಟ್ಟಿದ್ದು ಯಾರು?

ಏನು? ಯಾಕೆ ಹಾಗೆ ಕೈ ಮುಂದೆ ಮಾಡಿ, ಬೈಬಲ್ ಮೇಲೆ ಇಡೋ ಹಾಗೆ ನೆಲದ ಮೇಲೆ ಇಟ್ಟೆ? ನೀನು ಕೇಳ್ತಿರೋದು ನನಗೆ ಅರ್ಥ ಆಗಲ್ಲ. ನನಗೆ ಅರ್ಥ ಆಗ್ಬೇಕೂ ಇಲ್ಲ.

ನೀನೊಬ್ಬನೇ ಬುದ್ಧಿವಂತ ಅಂದ್ಕೋಬೇಡ. ಆ ವೆಬ್‌ಸೈಟ್ ಕಟ್ಟಿದ ಮೇಲೆ ಏನಾಯ್ತು ಹೇಳು. ಬೆಳಿಗ್ಗೆ ಎದ್ದು ಫೋನ್ ನೋಡೋದು, ಒಂದು ಬುಕಿಂಗೂ ಇಲ್ಲ. ಗೆಡ್ಡೆ ಕೀಳ್ತಾ ಕೀಳ್ತಾ ಕೈ ಒರೆಸ್ಕೊಂಡು ನೋಡೋದು, ಇಲ್ಲ. ಚಂಡಮಾರುತ ಹೋದ ಮೇಲೆ ಗುಡಿಸಲಿಗೆಲ್ಲ ಹೊಸ ಗರಿ ಹೊದಿಸಿದ್ವಿ ನಾನೂ ಅಣ್ಣನೂ. ಅವನು ಈ ವಯಸ್ಸಲ್ಲಿ ಏಣಿ ಹತ್ತಿದ. ಗರಿ ಹಸಿರಿದ್ದದ್ದು ಒಣಗಿ ಬಿಳಿಚ್ಕೊಂಡ್ತು, ಒಂದು ನರಪಿಳ್ಳೇನೂ ಬಂದು ಮಲಗಲಿಲ್ಲ. ನೀನು ಫೋನಲ್ಲಿ "ತಾಳ್ಮೆ ಇರಲಿ ಅಮ್ಮಾ, ಜನ ಕಂಡುಹಿಡೀತಾರೆ" ಅಂತಿದ್ದೆ. ಸೆಫಿನಾಳ ಕಡೆಯಿಂದ ಸಂಜೆ ಹೊತ್ತು ನಗು ಕೇಳ್ತಿತ್ತು, ಗಿಟಾರ್ ಕೇಳ್ತಿತ್ತು. ನಾನು ಖಾಲಿ ಗುಡಿಸಲಲ್ಲಿ ಹಾಸಿಗೆ ಕೊಡವಿ ಮತ್ತೆ ಹಾಸ್ತಿದ್ದೆ. ಯಾರೂ ಮಲಗದ ಹಾಸಿಗೆ ಯಾಕೆ ಕೊಡವ್ತೀಯ ಅಂತ ಅಣ್ಣ ಕೇಳಿದ್ದ.

ಆಮೇಲೆ ಒಂದಿನ ಟಿಣಿಂಗ್ ಅಂತು! ಮೊದಲನೇ ಸಲ. ಎಲ್ಲ ಗುಡಿಸಲೂ ಬೇಕು, ಎಲ್ಲಾ ಹಾಸಿಗೇನೂ! ಪಾಗೋದವರು. ನಾನು ಫೋನ್ ಎದೆಗೆ ಒತ್ಕೊಂಡು ದಂಡೆ ತುಂಬ ಓಡಾಡಿದೆ, ಹುಡುಗಿ ಹಾಗೆ. ಆದ್ರೆ ಅವರಿಗೆ ಬೇಕಾದ ದಿನ... ಬೇರೆ ಯಾವ ದಿನಾನೂ ಆಗಲ್ವಂತೆ. ಶನಿವಾರ ಅಲ್ಲಿ ಹತ್ತಬೇಕು, ರಜೆ ಅವತ್ತೇ... ಬೂದು ಮನೆ ಬಿಡ್ತಿಲ್ಲ ಅಂತ ಬರೆದಿದ್ರು. ಸೆಫಿನಾಳ ಹತ್ತಿರ ಹೋಗ್ತೀವಿ ಅಂತ...

ಸರಿ ಬಿಡು. ಅದೆಲ್ಲ ಯಾಕೀಗ.

ಅಣ್ಣಾ! ಎದ್ಯಾ? ಇಲ್ಲ ಅಣ್ಣಾ, ಏನಿಲ್ಲ, ಇವನಿಗೆ ಮರ್ಯಾದೆ ಕಲಿಸ್ತಿದ್ದೆ. ನೀನು ಯಾಕೆ ಹೊರಗೆ ಬಂದೆ? ಆಗಲೇ ಸಭೆಗೆ ಬಟ್ಟೆ ಹಾಕ್ಕೊಂಡು ಬೈಬಲ್ ಹಿಡ್ಕೊಂಡ್ಯಾ? ಇನ್ನೂ ಹೊತ್ತಿದೆ. ಕೂತ್ಕೋ, ಮೆಟ್ಟಿಲ ಮೇಲೆ ಬೇಡ, ಒಳಗೆ. ಇವನ ಹತ್ತಿರ ಬರಬೇಡ ನೀನು. ಇಂಥೋರ ಮುಖ ನೋಡಬಾರದು ಅಂತಾನೇ ನಾನು...

ಏನು ಕೇಳ್ದೆ?

ಅವನನ್ನ ಕೇಳ್ತಿದೀಯಾ? ಅವನನ್ನೇನು ಕೇಳ್ತೀಯ ಅಣ್ಣಾ, ನಾನು ಎಲ್ಲ ಹೇಳಿದೀನಲ್ಲ! ಒಂದೇ ಮಾತಾ? ಸರಿ, ಕೇಳು. ಕೇಳಲಿ ಬಿಡು. ಪೆನಿ, ನಮ್ಮಣ್ಣ ಕೇಳ್ತಿದಾನೆ. ಮೊದಲು ದಿನ ಸರಿಯಾಗಿತ್ತಂತೆ, ಭಾನುವಾರ ಬೂದು ಇತ್ತಂತೆ, ಅದನ್ನ ಆಮೇಲೆ ಯಾಕೆ ಬದಲಾಯಿಸಿದೆ ಅಂತ ಕೇಳ್ತಿದಾನೆ. ನಾನೇ ಕೂಗಿ ಹೇಳಿದ್ನಂತೆ, ಮೊದಲು ಸರಿಯಾಗಿತ್ತು ಅಂತ. ಹೇಳಿರಬಹುದು. ಬೈಯೋ ರಭಸದಲ್ಲಿ ಬಾಯಿಗೆ ಬಂದದ್ದು.

ಹೇಳು. ಮನೆ ಯಜಮಾನನೇ ಕೇಳಿದ್ರೆ ಮಾತಾಡಬಹುದು. ನಾನು ಮೊದಲು ಏನಂದ್ನೋ ಬಿಡು, ಈಗ ಹೇಳಬಹುದು. "ನನ್ನ ಕೈ ತಪ್ಪಿತು ಯಜಮಾನರೇ" ಅನ್ನು. ಅಷ್ಟು ಉದ್ದ ಬೇಡ, "ಹೂಂ" ಅನ್ನು ಸಾಕು. ತಪ್ಪು ಹಾಕಿದ್ದು ನೀನು ತಾನೆ? ಹೂಂ ಅನ್ನು.

ನೋಡು ಅಣ್ಣಾ, ತಲೆ ಆಡಿಸಿದ. ಹೂಂ ಅಂತ ಆಡಿಸಿದ!

ಗಾಳೀನಾ? ಎಲ್ಲಿ ಗಾಳಿ? ಒಂದು ಎಲೆ ಅಲ್ಲಾಡ್ತಿಲ್ಲ.

ಪೆನಿ, ಹೂಂ ಅನ್ನೋಕೆ ಏನು ಕಷ್ಟ ನಿನಗೆ? ಕ್ಷಮೆ ಕೇಳೋಕೆ ತಾನೆ ಬಂದಿರೋದು? ಸಮುದ್ರ ದಾಟಿ ಬಂದು ಮಣ್ಣಲ್ಲಿ ಮಂಡಿಯೂರಿ ಕೂರೋಕಾಗುತ್ತೆ, ಒಂದು ಹೂಂ ಅನ್ನೋಕಾಗಲ್ವಾ? ತಲೆ ಬಗ್ಗಿಸ್ತಾನಂತೆ, ಸುಳ್ಳು ಮಾತ್ರ... ಅಂದ್ರೆ, ಮಾತು ಮಾತ್ರ ಆಡಲ್ವಂತೆ! ಏನಿದು ನಾಟಕ? ಅಣ್ಣಾ, ನೀನು ಹಾಗೆ ನೋಡಬೇಡ. ಇವನು ಮೊದಲಿಂದಾನೂ ಹೀಗೇ. ಒಂದು ಕೇಳಿದ್ರೆ ಹತ್ತು ಸಲ ತಿರುಗಿ ಕೇಳೋನು. "ಈ ಬಣ್ಣ ಸಾಕಾ ಅಮ್ಮಾ? ಈ ಅಕ್ಷರ ಇಡ್ಲಾ ಅಮ್ಮಾ? ಖಂಡಿತಾನಾ ಅಮ್ಮಾ?" ತಲೆ ತಿಂತಿದ್ದ. ಅವತ್ತೂ ಹಾಗೇ, "ಬೇಡ ಅಮ್ಮಾ, ಯಜಮಾನರನ್ನೊಂದು ಮಾತು ಕೇಳಿ ಅಮ್ಮಾ, ಊರಿನೋರಿಗೆ ತಿಳಿದ್ರೆ" ಅಂತ ರಾಗ ಎಳೆದ. ಹೆಂಗಸು ನಾನು, ಏನೋ ಆಸೆಗೆ ಒಂದು ಮಾತು ಹೇಳ್ತೀನಿ, ನಾನು ಪಾಗೋದ ದಿನ ಹಾಕು ಅಂದ ತಕ್ಷಣ ಹಾಕಿಬಿಡೋದಾ ಇವನು? ಬುದ್ಧಿ ಬೇಡ್ವಾ? ಗಟ್ಟಿಯಾಗಿ ಆಗಲ್ಲ ಅನ್ನಬೇಕಿತ್ತು, ಫೋನ್ ಇಟ್ಟುಬಿಡಬೇಕಿತ್ತು...

ಅಣ್ಣಾ.

ಅಣ್ಣಾ, ಯಾಕೆ ನನ್ನ ಕಡೆ ತಿರುಗಿದೆ? ನಾನು ಹೇಳಿದ್ದು ಹಾಗಲ್ಲ. ಪಾಗೋದಲ್ಲಿ ಅವತ್ತು ಶನಿವಾರಾನೇ ತಾನೆ? ಸುಳ್ಳೇನಿಲ್ಲವಲ್ಲ ಅದ್ರಲ್ಲಿ? ಒಂದೇ ಒಂದು ಸಲ, ಸದ್ದಿಲ್ಲದೆ ಬಂದು ಹೋಗ್ತಾರೆ ಅಂದ್ಕೊಂಡೆ. ಸ್ಪೀಕರ್ ತರ್ತಾರೆ ಅಂತ ನನಗೇನು ಗೊತ್ತಿತ್ತು? ನೀನು ಏಣಿ ಹತ್ತಿ ಹೊದಿಸಿದ ಗರಿ ಅಣ್ಣಾ... ಒಬ್ಬರಾದ್ರೂ ಅದರ ಕೆಳಗೆ ಮಲಗಲಿ ಅಂತ... ನಿನಗೋಸ್ಕರಾನೂ...

ಬೈಬಲ್ ಕೆಳಗಿಡ್ತಿದೀಯಾ? ಯಾಕೆ? ಸಭೆಗೆ ಹೋಗಲ್ವಾ? ಹೋಗಬೇಕು ಕಣಣ್ಣಾ, ಹೋಗಿ ಹೇಳಬೇಕು, ಇಲ್ಲಾಂದ್ರೆ ಕಂಬ... ಏನು? ಕೈಯಿಟ್ಟು ಹೇಳೋನಿದ್ದೆ ಅಂತಾ? ನಾನು ಹೇಳ್ದೆ ಅಂತ ನಂಬಿ ಕೈಯಿಟ್ಟು ಹೇಳೋನಿದ್ದೆ ಅಂತಾ? ಅಯ್ಯೋ, ಹಾಗನ್ನಬೇಡ. ನಿನ್ನ ದಮ್ಮಯ್ಯ, ಬೈಯಾದ್ರೂ ಬೈ, ಹೊಡಿ, ಹೀಗೆ ಮೆತ್ತಗೆ ಮಾತಾಡಬೇಡ.

ಅವನ ಚಾಪೆ ಎತ್ತಿದ್ಯಾ! ಎತ್ತೇಬಿಟ್ಯಾ! ಹೂಂ... ಒಳ್ಳೇದಾಯ್ತು. ಏಳಪ್ಪ ಪೆನಿ, ಏಳು. ಮುಖ ಎಲ್ಲ ಬೆವೆತುಹೋಗಿದೆ ಪಾಪ. ಎಷ್ಟು ಬಾಡಿದಾನೆ. ಅಣ್ಣ ನಿನ್ನ ಕ್ಷಮಿಸಿದ, ನಾನೂ ಕ್ಷಮಿಸಿದೆ. ಬಾ, ಒಳಗೆ ಬಾ, ಕೋಕೋ ಬಿಸಿ ಇದೆ, ಎಲ್ಲರೂ ಕೂತು ಕುಡಿಯೋಣ. ಮುಗೀತಲ್ಲ? ಮುಗೀತು. ಆ ವೆಬ್‌ಸೈಟನ್ನ ಇವತ್ತೇ ಕಿತ್ತು ಬಿಸಾಕೋಣ, ನನಗೂ ಬೇಡ ಅದು.

ಅಣ್ಣಾ, ಚಾಪೆ ಯಾಕೆ ಮಡಚ್ತಿದೀಯ? ಅವನು ಮಡಚ್ಕೋತಾನೆ ಬಿಡು, ಅವರಮ್ಮಂದು ಅದು... ಒಳಗಿಡ್ತೀಯಾ?

ನನ್ನ ಕೈಗೆ ಯಾಕೆ ಕೊಡ್ತಿದೀಯ?

ಇಲ್ಲ. ಇಲ್ಲ ಅಣ್ಣಾ. ಪಾದ್ರಿ ಮನೆ ಮುಂದಾ? ಈ ಹೊತ್ತಲ್ಲಿ? ದಾರಿ ತುಂಬ ಜನ ಇದಾರೆ. ಸೆಫಿನಾ ಅಲ್ಲೇ ಗೇಟ್ ಹತ್ತಿರ ನಿಂತಿದಾಳೆ, ನೋಡು, ನಿಂತೇ ಇದಾಳೆ... ಅಣ್ಣಾ, ನಾನು ಹೆಂಗಸು, ನಿನ್ನ ಒಡಹುಟ್ಟಿದೋಳು, ಮಣ್ಣಲ್ಲಿ ಇದನ್ನ ಹೊದ್ದು ಹೇಗೆ ಕೂರಲಿ? ಎಲ್ಲಿಗೆ ಹೊರಟೆ? ನನ್ನ ಜೊತೆಗಾ? ನೀನೂ ಕೂರ್ತೀಯಾ? ಬೇಡ, ನೀನು ಬೇಡ ಅಣ್ಣಾ, ನಿನ್ನ ಮೊಣಕಾಲು... ನೀನು ಏನೂ ಮಾಡಿಲ್ಲವಲ್ಲ...

ಪೆನಿ. ಏ ಪೆನಿ, ನೋಡ್ತಾ ನಿಂತಿದೀಯಲ್ಲೋ. ತಡಿಯೋ ಅವನನ್ನ. ಈಗಲಾದ್ರೂ ಬಾಯಿ ಬಿಡೋ ಮಹರಾಯ.